ಗಿಟಾರ್‌ನಲ್ಲಿ ಕೊಳಲು: ಮಿಡಿ ಪಿಕಪ್ ಕೂರಿಸಿ ಹದ ಮಾಡುವ ಬಗೆ

ಮಂಡ್ಯದ ಕಡೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಹೇಗಿರುತ್ತದೆ ಗೊತ್ತಲ್ಲ. ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ತಬಲಾ, ಒಂದು ಗಿಟಾರ್. ಇಷ್ಟರಲ್ಲೇ ಕೊಳಲು, ವಯೊಲಿನ್, ಶಹನಾಯಿ ಎಲ್ಲಾ ಬರಬೇಕು. ಹೊರೆಯೆಲ್ಲಾ ಕೀಬೋರ್ಡ್‌ನವರ ತಲೆ ಮೇಲೆ. ಅವರ ಎರಡೂ ಕೈ ಕಾರ್ಡ್ಸ್ ಹಿಡಿದುಕೊಂಡಿರುವಾಗ ಪಲ್ಲವಿ ಮುಗಿದ ತಕ್ಷಣ ಬರುವ ಕೊಳಲಿನ ಬಿಟ್ ಯಾರು ನುಡಿಸಬೇಕು? ಸುಮ್ನೆ ರಿದಂ ಹೊಡೆಯುತ್ತಾ ನಿಂತಿರುವ ಗಿಟಾರ್‌ನವನೇ ನುಡಿಸಲಿ ಎಂದು ನಾನು ಮಿಡಿ ಪಿಕಪ್ ಹಿಂದೆ ಬಿದ್ದೆ. ಗಿಟಾರ್ ನುಡಿಸಿದರೆ ಕೊಳಲಿನಂಥ ಬೇರೆ ವಾದ್ಯದ ಶಬ್ದ ಬರಿಸಲು ತಂತಿಗಳ ಕೆಳಗೆ ಕೂರಿಸುವ ಚಿಕ್ಕ ಸಾಧನ ಅದು.

ಮೊದಲ ಸಲ ಅದನ್ನು ಸ್ಟೇಜ್ ಹತ್ತಿಸಿದ್ದು ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಕೊಳಲು ಬರಬೇಕಾದ ಜಾಗದಲ್ಲಿ ಎಲ್ಲೆಲ್ಲಿಂದಲೋ ಸ್ವರಗಳು ಕೀಚ್ ಕೀಚ್ ಅಂತ ಎದ್ದು ಬಂದವು, ಹಾಡುತ್ತಿದ್ದವರು ತಿರುಗಿ ನೋಡಿದರು, ಮುಂದೆ ಕೂತಿದ್ದ ಮಕ್ಕಳು ನಕ್ಕರು. ತಪ್ಪು ಯಂತ್ರದ್ದಲ್ಲ, ನನ್ನದೇ. ಅಂಟಿಸಿದ್ದೆ, ವೈರ್ ಚುಚ್ಚಿದ್ದೆ, ಹದ ಮಾಡಿರಲಿಲ್ಲ. ಆ ಹದದ ಬಗ್ಗೆಯೇ ಇಲ್ಲಿ ಜಾಸ್ತಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಮಿಡಿ ಎಂದರೆ ಶಬ್ದ ಅಲ್ಲ. 1983ರಿಂದ ಇರುವ ಒಂದು ಒಪ್ಪಂದ ಅಷ್ಟೇ: ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ನಿಲ್ಲಿಸು, ಇಂಥ ಸೂಚನೆಗಳನ್ನು ಒಂದು ಯಂತ್ರ ಇನ್ನೊಂದಕ್ಕೆ ಹೇಳುವ ರೀತಿ. ಕೀಬೋರ್ಡ್‌ಗೆ ಇದು ಸುಲಭ. ಕೀ ಒತ್ತಿದರೆ ಯಾವುದು ಒತ್ತಿದ್ದು ಎಂದು ಅದಕ್ಕೆ ಮೊದಲೇ ಗೊತ್ತು. ಗಿಟಾರ್ ತಂತಿಗೆ ಏನೂ ಗೊತ್ತಿಲ್ಲ, ಅದು ಅಲುಗಾಡುತ್ತದೆ, ಅಷ್ಟೇ. ಆ ಅಲುಗಾಟವನ್ನು ಕೇಳಿ ಸ್ವರ ಊಹಿಸುವ ಕೆಲಸ ಯಾರೋ ಮಾಡಬೇಕು.

ನಾವು ಮಿಡಿ ಪಿಕಪ್ ಎಂದು ಕರೆಯುವ ರೋಲ್ಯಾಂಡ್ ಜಿಕೆ-3 ಆ ಕೆಲಸ ಮಾಡುವುದಿಲ್ಲ! ಅದು ಆರು ತಂತಿಯ ಸಿಗ್ನಲ್‌ಗಳನ್ನು ಬೇರೆ ಬೇರೆಯಾಗಿ ಎತ್ತಿ 13 ಪಿನ್ನಿನ ಒಂದು ದಪ್ಪ ಕೇಬಲ್‌ನಲ್ಲಿ ಕಳಿಸುತ್ತದೆ. ಊಹಿಸುವುದು ಕೇಬಲ್‌ನ ಆ ತುದಿಯಲ್ಲಿರುವ ಪೆಟ್ಟಿಗೆ. ಜಿಆರ್-55, ಜಿಪಿ-10 ಇವೆಲ್ಲ ಅಂಥವು. ಜಿಆರ್-55ರಲ್ಲಿ ಕೊಳಲು, ಪಿಯಾನೊ ಮುಂತಾದ ಶಬ್ದಗಳೂ ಒಳಗೇ ಇವೆ, ಲ್ಯಾಪ್‌ಟಾಪ್ ಬೇಕಿಲ್ಲ. ಫಿಶ್‌ಮನ್ ಟ್ರಿಪಲ್‌ಪ್ಲೇ ದಾರಿಯೇ ಬೇರೆ. ಊಹೆಯೆಲ್ಲಾ ಗಿಟಾರ್ ಮೇಲೇ ಮುಗಿಸಿ ವೈರ್ ಇಲ್ಲದೆ ಯುಎಸ್‌ಬಿ ರಿಸೀವರ್‌ಗೆ ಕಳಿಸುತ್ತದೆ, ಆದರೆ ಶಬ್ದಕ್ಕೆ ಕಂಪ್ಯೂಟರ್ ಅಥವಾ ಬೇರೆ ಸಿಂತ್ (ವಾದ್ಯಗಳ ಶಬ್ದ ಹುಟ್ಟಿಸುವ ಯಂತ್ರ) ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. 2023ರಲ್ಲಿ ಬಂದ ಜಿಕೆ-5 ಪಿಕಪ್ ಹಳೇ 13 ಪಿನ್ನಿನದಲ್ಲ, ಅದರ ಕೇಬಲ್ಲೂ ಬೇರೆ, ಒಳಗೆ ಹರಿಯುವುದೂ ಡಿಜಿಟಲ್. ಹಳೇ ಪಿಕಪ್, ಹೊಸ ಪೆಟ್ಟಿಗೆ ತಂದರೆ ನಡುವೆ ಇನ್ನೊಂದು ಕನ್ವರ್ಟರ್‌ಗೆ ದುಡ್ಡು ಸುರಿಯಬೇಕು. ಎರಡೂ ಒಂದೇ ಕಾಲದವು ಇರಲಿ.

ಈಗ ಕೂರಿಸೋಣ. ಜಾಗ ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿಗಳು ಆತು ಕೂರುವ ಪಟ್ಟಿ) ಮತ್ತು ಅದರ ಪಕ್ಕದಲ್ಲಿರುವ ಗಿಟಾರ್‌ನ ಸ್ವಂತ ಪಿಕಪ್ ನಡುವೆ, ಬ್ರಿಡ್ಜ್‌ಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, 2 ಸೆಂಟಿಮೀಟರ್ ದಾಟಬಾರದು. ಅಲ್ಲಿ ತಂತಿ ಕಡಿಮೆ ಅಲುಗಾಡುತ್ತದೆ, ಹಾಗಾಗಿ ಪಿಕಪ್ಪನ್ನು ತಂತಿಯ ಹತ್ತಿರಕ್ಕೆ ತಂದರೂ ತಾಗುವುದಿಲ್ಲ. ಲೆಸ್ ಪಾಲ್ ಥರದ ಗಿಟಾರ್‌ನಲ್ಲಿ ಬ್ರಿಡ್ಜ್ ಎತ್ತರ ಇರುತ್ತದೆ, ಕೆಳಗೆ ಜಾಗ ಧಾರಾಳ. ಸ್ಟ್ರಾಟ್ ಥರದ್ದರಲ್ಲಿ ತಂತಿ ಮರಕ್ಕೆ ಹತ್ತಿರ, ತೂರಿಸುವುದಕ್ಕೇ ಕಷ್ಟ, ಕೊಳ್ಳುವ ಮೊದಲೇ ಅಳೆದುಕೊಳ್ಳಿ. ಒಂದೊಂದು ತಂತಿಯೂ ಪಿಕಪ್‌ನಲ್ಲಿ ತನಗೆ ಮೀಸಲಾದ ಪೋಲ್‌ನ (ಅಯಸ್ಕಾಂತದ ತುದಿಯ) ನಡುಮಧ್ಯಕ್ಕೆ ಬರಬೇಕು. ದಪ್ಪ ತಂತಿಯ ತುದಿ ಯಾವುದು, ಸಣ್ಣ ತಂತಿಯ ತುದಿ ಯಾವುದು ನೋಡಿ ಹಾಕಿ, ತಿರುಗಾ ಮುರುಗಾ ಆದರೆ ಒಂದನೇ ತಂತಿ ಹೋಗಿ ಆರನೆಯದಾಗುತ್ತದೆ.

ಮೊದಲೇ ಸ್ಕ್ರೂ ಹೊಡೆಯಬೇಡಿ. ಡಬಲ್ ಸೈಡ್ ಟೇಪ್ ಹಾಕಿ ಒಂದು ವಾರ ನುಡಿಸಿ ನೋಡಿ. ಹಳೇ ಗಿಟಾರ್ ಆದರೆ ಟೇಪ್ ಕೀಳುವಾಗ ಪಾಲಿಶ್ ಎದ್ದು ಬರಬಹುದು, ಮೆಲ್ಲಗೆ ಕೀಳಿ.

ಇನ್ನು ಎತ್ತರ. ನಾನು ಎಡವಿದ್ದು ಇಲ್ಲೇ. ತಂತಿಯನ್ನು ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ, ಆಗ ತಂತಿಗೂ ಪಿಕಪ್‌ಗೂ ನಡುವೆ 1 ಮಿಲಿಮೀಟರ್ ಸಂದು ಇರಬೇಕು. ಆರೂ ತಂತಿಗೆ ಇದೇ ಲೆಕ್ಕ. ಪಿಕಪ್ ಜೊತೆ ಬರುವ ಅಳತೆಯ ಗೇಜ್ ಕಳೆದುಹೋಗಿದ್ದರೆ, ಅವಧಿ ಮುಗಿದ ಎಟಿಎಂ ಕಾರ್ಡ್ ಒಂದು ತಗೊಳ್ಳಿ. ಅದರ ದಪ್ಪ 0.76 ಮಿಲಿಮೀಟರ್, ಜೊತೆಗೆ ಒಂದು ವಿಸಿಟಿಂಗ್ ಕಾರ್ಡ್ ಸೇರಿಸಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಈಗ ಬಳಸುತ್ತಿರುವ ಕಾರ್ಡ್ ಬೇಡ, ಪಿಕಪ್‌ನಲ್ಲಿ ಅಯಸ್ಕಾಂತ ಇದೆ, ಆಮೇಲೆ ಬ್ಯಾಂಕಿಗೆ ಅಲೆಯಬೇಕಾಗುತ್ತದೆ. ಸಂದು ಜಾಸ್ತಿ ಆದರೆ ಮೆಲ್ಲಗೆ ನುಡಿಸಿದ ಸ್ವರ ಕೇಳಿಸುವುದೇ ಇಲ್ಲ, ಪಕ್ಕದ ತಂತಿಯ ಸದ್ದೂ ಸೇರಿಕೊಳ್ಳುತ್ತದೆ. ಕಡಿಮೆ ಆದರೆ ಜೋರಾಗಿ ಮೀಟಿದಾಗ ತಂತಿ ಪಿಕಪ್‌ಗೇ ಬಡಿಯುತ್ತದೆ.

ಆಮೇಲೆ ಸೆನ್ಸಿಟಿವಿಟಿ, ಅಂದರೆ ಒಂದೊಂದು ತಂತಿಯ ಸದ್ದನ್ನು ಪೆಟ್ಟಿಗೆ ಎಷ್ಟು ಜೋರಾಗಿ ತಗೊಳ್ಳಬೇಕು ಎಂಬುದು. ಪೆಟ್ಟಿಗೆಯ ಸೆಟ್ಟಿಂಗ್‌ಗೆ ಹೋದರೆ ಪ್ರತಿ ತಂತಿಗೂ ಒಂದೊಂದು ಮೀಟರ್ ಕಾಣುತ್ತದೆ. ನೀವು ಸ್ಟೇಜ್ ಮೇಲೆ ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟೇ ಜೋರಾಗಿ ಹೊಡೆಯಿರಿ, ಮನೆಯಲ್ಲಿ ಅಕ್ಕಪಕ್ಕದವರಿಗೆ ಹೆದರಿ ಮೆಲ್ಲಗೆ ನುಡಿಸಿ ಸೆಟ್ ಮಾಡಬೇಡಿ. ಅತಿ ಜೋರಾದ ಏಟಿಗೆ ಮೀಟರ್ ತುದಿಯ ಹತ್ತಿರಕ್ಕೆ ಬಂದು ವಾಪಸ್ ಇಳಿಯಬೇಕು, ತುದಿಗೇ ಬಡಿಯಬಾರದು. ಮೂರನೇ ತಂತಿ ಒಂದೊಂದು ಗಿಟಾರ್‌ನಲ್ಲಿ ಮಿಕ್ಕವಕ್ಕಿಂತ ಜೋರಾಗಿ ಬರುತ್ತದೆ, ಅದನ್ನು ಇಳಿಸಿ. ಬೇರೆ ದಪ್ಪದ ತಂತಿ ಹಾಕಿದ ದಿನ ಇದೆಲ್ಲಾ ಮತ್ತೆ ಮಾಡಬೇಕು, ಬೇಸರ ಮಾಡಿಕೊಳ್ಳಬೇಡಿ.

ತಂತಿ ಸ್ಟೀಲ್ ಅಥವಾ ನಿಕ್ಕಲ್‌ನದೇ ಆಗಿರಬೇಕು, ನೈಲಾನ್ ತಂತಿ ಈ ಪಿಕಪ್‌ಗೆ ಕಾಣುವುದೇ ಇಲ್ಲ, ಅದಕ್ಕೆ ಬ್ರಿಡ್ಜ್‌ನಲ್ಲೇ ಕೂರುವ ಪೀಜೋ ಪಿಕಪ್ ಬೇರೆ. ಬೆವರು ಕುಡಿದು ತುಕ್ಕು ಹಿಡಿದ ತಂತಿ ಇದ್ದರೆ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ.

ಇಷ್ಟಾದ ಮೇಲೂ ಒಂದು ತಡ ಇದ್ದೇ ಇರುತ್ತದೆ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಅಲುಗಾಡುತ್ತದೆ, ಅಂದರೆ ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಒಂದು ಸುತ್ತಾದರೂ ನೋಡದೆ ಪೆಟ್ಟಿಗೆ ಯಾವ ಸ್ವರ ಎಂದು ಹೇಗೆ ಹೇಳೀತು? ಗಟ್ಟಿ ಮಾಡಿಕೊಳ್ಳುವುದಕ್ಕೆ ಅದಕ್ಕಿಂತ ಜಾಸ್ತಿಯೇ ಬೇಕು. ಸಣ್ಣ ಇ ತಂತಿಗೆ ಒಂದು ಸುತ್ತು ಬರೀ 3 ಮಿಲಿಸೆಕೆಂಡ್. ಅದಕ್ಕೇ ಮೇಲಿನ ಸ್ವರಗಳು ಚುರುಕು, ಕೆಳಗಿನವು ಸೋಮಾರಿ. 20 ಮಿಲಿಸೆಕೆಂಡ್ ಅಂದರೆ ಸುಮಾರು 7 ಮೀಟರ್ ದೂರದ ಸೌಂಡ್ ಬಾಕ್ಸ್‌ನಿಂದ ಕೇಳಿದಷ್ಟು ತಡ. ದೊಡ್ಡದೇನಲ್ಲ ಎನಿಸುತ್ತದೆ, ಆದರೆ ತಬಲಾದವರ ಪಕ್ಕ ನಿಂತು ಪಿಯಾನೊ ಶಬ್ದದಲ್ಲಿ ಓಡುವ ಬಿಟ್ ನುಡಿಸಿ ನೋಡಿ, ಆಗ ಗೊತ್ತಾಗುತ್ತದೆ.

ಇದಕ್ಕೆ ಎರಡು ಉಪಾಯ. ಬೇಸ್ ಶಬ್ದ ಬೇಕಾದರೆ ಅದನ್ನು ದಪ್ಪ ತಂತಿಯಲ್ಲಿ ನುಡಿಸಬೇಡಿ, ಒಂದು ಆಕ್ಟೇವ್ ಮೇಲೆ ಸಣ್ಣ ತಂತಿಗಳಲ್ಲಿ ನುಡಿಸಿ ಸಿಂತ್‌ನಲ್ಲಿ 12 ಸೆಮಿಟೋನ್ (ಒಂದು ಫ್ರೆಟ್‌ನ ಅಂತರ ಒಂದು ಸೆಮಿಟೋನ್) ಕೆಳಗಿಳಿಸಿ. ಎರಡನೆಯದು, ಶಬ್ದವನ್ನೇ ನೋಡಿ ಆರಿಸುವುದು. ವಯೊಲಿನ್ ಗುಂಪು, ಕೊಳಲು, ಸಿಂತ್‌ನ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹರಡುವ ಶಬ್ದ) ಇವು ನಿಧಾನವಾಗಿ ಅರಳುವ ಶಬ್ದಗಳು, ತಡ ಮುಚ್ಚಿಹೋಗುತ್ತದೆ. ಸಂತೂರ್, ಪಿಯಾನೊ, ಮರಿಂಬಾ ಟಣ್ ಎಂದು ಹುಟ್ಟುವ ಶಬ್ದಗಳು, ತಡ ಎದ್ದು ಕಾಣುತ್ತದೆ. ಲ್ಯಾಪ್‌ಟಾಪ್ ಮೂಲಕ ನುಡಿಸುವವರು ಆಡಿಯೋ ಬಫರನ್ನೂ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಶಬ್ದದ ತುಂಡು) ಇಳಿಸಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಬಫರ್ 128 ಸ್ಯಾಂಪಲ್ ಇಟ್ಟರೆ 3 ಮಿಲಿಸೆಕೆಂಡ್ ಕೂಡ ಆಗುವುದಿಲ್ಲ, 1024 ಇಟ್ಟರೆ 23 ಆಗುತ್ತದೆ, ತಂತಿಯ ತಡದ ಮೇಲೆ ಇದೊಂದು ತಡ.

ಗಮಕಕ್ಕೆ ಬರೋಣ, ನಮ್ಮ ಕಡೆಯವರಿಗೆ ಬೇಕಾದ್ದು ಇದೇ ಅಲ್ವಾ. ಮಿಡಿಯಲ್ಲಿ ತಂತಿ ಎಳೆದದ್ದನ್ನು ಪಿಚ್ ಬೆಂಡ್ ಎಂಬ ಸೂಚನೆಯಾಗಿ ಕಳಿಸಲಾಗುತ್ತದೆ. ಆ ಸೂಚನೆ ಒಂದು ಚಾನೆಲ್‌ಗೆ (ಮಿಡಿ ಸೂಚನೆಗಳು ಹೋಗುವ ಒಂದು ದಾರಿಗೆ) ಪೂರ್ತಿ ಅನ್ವಯ. ಅಂದರೆ ಆರೂ ತಂತಿ ಒಂದೇ ಚಾನೆಲ್‌ನಲ್ಲಿ ಇದ್ದರೆ ಒಂದನ್ನು ಎಳೆದಾಗ ಎಲ್ಲವೂ ಸೇರಿ ಜಾರುತ್ತವೆ. ಹಾಗಾಗಿ ಮೋನೋ ಮೋಡ್ ಇಡಿ, ಆಗ ತಂತಿಗೊಂದು ಚಾನೆಲ್, ಒಟ್ಟು ಆರು. ಸಿಂತ್ ಕಡೆಯಲ್ಲೂ ಆ ಆರಕ್ಕೂ ಅದೇ ಶಬ್ದ ಹಾಕಿ.

ಮುಂದೆ ಬೆಂಡ್ ರೇಂಜ್, ಅಂದರೆ ಪೂರ್ತಿ ಬೆಂಡ್ ಎಷ್ಟು ಸೆಮಿಟೋನ್ ಎಂಬ ಲೆಕ್ಕ. ಹೊರಗಿನ ಸಿಂತ್ ಅಥವಾ ಪ್ಲಗಿನ್ ಬಳಸುವವರೆಲ್ಲಾ ಇಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ಗಿಟಾರ್ ಕಡೆ 12 ಇದೆ, ಸಿಂತ್ ಕಡೆ ಮೊದಲಿಂದ ಇರುವ 2ನ್ನು ನೀವು ಮುಟ್ಟಿಲ್ಲ ಎಂದುಕೊಳ್ಳಿ. ನೀವು ತಂತಿ ಎಳೆದು ಸ ಇಂದ ರಿ ಮುಟ್ಟಿದಿರಿ, ಅಂದರೆ ಎರಡು ಸೆಮಿಟೋನ್. ಗಿಟಾರ್ ಲೆಕ್ಕದಲ್ಲಿ ಅದು ಪೂರ್ತಿಯ ಆರನೇ ಒಂದು ಭಾಗ. ಸಿಂತ್ ತನ್ನ ಎರಡು ಸೆಮಿಟೋನ್‌ನಲ್ಲಿ ಆರನೇ ಒಂದು ಭಾಗ ಏರಿಸುತ್ತದೆ. ನಿಮಗೆ ಕೇಳುವುದು ರಿ ಅಲ್ಲ, ಶ್ರುತಿ ತಪ್ಪಿದ ಸ. ಎರಡೂ ಕಡೆ ಒಂದೇ ಸಂಖ್ಯೆ ಇಡಿ, 12 ಅಥವಾ 24, ಅಷ್ಟೇ.

ಪಿಯಾನೊ ನುಡಿಸುವಾಗ ಮಾತ್ರ ಬೆಂಡ್ ತೆಗೆದುಬಿಡಿ, ಕ್ರೊಮ್ಯಾಟಿಕ್ ಎಂದು ಒಂದು ಆಯ್ಕೆ ಇರುತ್ತದೆ. ಪಿಯಾನೊ ಎಲ್ಲಾದರೂ ಜಾರುತ್ತದೆಯೇ?

ನಮ್ಮ ಮೈಸೂರು ಅಗ್ರಹಾರದ ಮನೆಯ ಪಕ್ಕ ವೀಣೆ ಪಾಠ ಹೇಳುವ ಆಂಟಿ ಒಬ್ಬರಿದ್ದಾರೆ. ಒಂದು ಸಂಜೆ ಗಿಟಾರ್‌ನಲ್ಲಿ ವೀಣೆ ಶಬ್ದ ಹಾಕಿ ಅವರಿಗೆ ಮೋಹನ ಕೇಳಿಸಿದೆ. ಪೂರ್ತಿ ಕೇಳಿ, "ಶಬ್ದ ಚೆನ್ನಾಗಿದೆ ಕಣೋ, ಆದ್ರೆ ಇಷ್ಟೊಂದು ಸಲ ಯಾಕೆ ಮೀಟ್ತೀಯ?" ಎಂದರು. ವೀಣೆಯಲ್ಲಿ ಒಂದು ಸಲ ಮೀಟಿ ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಮೂರು ನಾಲ್ಕು ಸ್ವರ ತೆಗೆಯುತ್ತಾರೆ, ನಾನು ಸ್ವರಕ್ಕೊಂದು ಏಟು ಕೊಡುತ್ತಿದ್ದೆ. ಅವತ್ತಿಂದ ನಾನು ಶಬ್ದಕ್ಕೆ ತಕ್ಕ ಹಾಗೆ ಕೈ ಬದಲಿಸುತ್ತೇನೆ. ಕೊಳಲು ಆದರೆ ಒಂದೇ ತಂತಿಯಲ್ಲಿ, ಒಂದು ಸಲ ಮೀಟಿ, ಎಡಗೈಯಿಂದ ಒತ್ತಿ ಬಿಟ್ಟು ಸ್ವರ ಜೋಡಿಸುತ್ತಾ, ಊದುವವನಿಗೆ ಉಸಿರು ಬೇಕಾಗುವ ಕಡೆ ನಾನೂ ನಿಲ್ಲಿಸುತ್ತೇನೆ. ಕೊಳಲು ಶಬ್ದದಲ್ಲಿ ಕಾರ್ಡ್ ಹೊಡೆಯುವುದು ಬೇಡವೇ ಬೇಡ. ಪಿಯಾನೊ ಆದರೆ ಪಿಕ್ ಕೆಳಗಿಟ್ಟು ಬೆರಳುಗಳಿಂದ ತಂತಿಗಳನ್ನು ಒಟ್ಟಿಗೆ ಚಿವುಟಿ, ಜರ್ರ್ ಎಂದು ಗೀರಿದರೆ ಪಿಯಾನೊ ಮೆಟ್ಟಿಲಿಂದ ಉರುಳಿದ ಹಾಗಾಗುತ್ತದೆ.

ನುಡಿಸದ ಬೇಡದ ಸ್ವರಗಳು ಬರುತ್ತಿವೆಯಾ? ನುಡಿಸದ ತಂತಿಗಳನ್ನು ಅಂಗೈಯಿಂದ ಮುಚ್ಚಿ. ಮಾಮೂಲಿ ಗಿಟಾರ್‌ನಲ್ಲಿ ಬೆರಳು ತಾಗಿದ ಸಣ್ಣ ಸದ್ದು ಯಾರಿಗೂ ಕೇಳುವುದಿಲ್ಲ, ಇಲ್ಲಿ ಅದೇ ಸದ್ದು ಪೂರ್ತಿ ಒಂದು ಕೊಳಲಿನ ಸ್ವರವಾಗಿ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆದರೆ 127ರ ಲೆಕ್ಕದಲ್ಲಿ 15, 20ಕ್ಕಿಂತ ಕೆಳಗಿನ ವೆಲಾಸಿಟಿ (ಏಟಿನ ಜೋರು) ಇರುವ ಸ್ವರಗಳನ್ನು ಸೋಸಿಬಿಡಬಹುದು.

ಇಷ್ಟೆಲ್ಲಾ ಖರ್ಚು ಮಾಡುವ ಮೊದಲು ಪಿಕಪ್ಪೇ ಇಲ್ಲದೆ ನೋಡಬೇಕು ಎನ್ನುವವರಿಗೆ ಜ್ಯಾಮ್ ಒರಿಜಿನ್‌ನವರ ಮಿಡಿ ಗಿಟಾರ್ ಎಂಬ ಸಾಫ್ಟ್‌ವೇರ್ ಇದೆ, ಮಾಮೂಲಿ ಗಿಟಾರ್ ಕೇಬಲ್, ಒಂದು ಆಡಿಯೋ ಇಂಟರ್‌ಫೇಸ್ ಸಾಕು. ಮನೆಯಲ್ಲಿ ಟ್ಯೂನ್ ಬರೆದುಕೊಳ್ಳುವುದಕ್ಕೆ ನಾನು ಈಗಲೂ ಅದನ್ನೇ ಬಳಸುತ್ತೇನೆ. ತಂತಿಗೊಂದು ಚಾನೆಲ್ ಬೇಕು ಎನ್ನುವವರಿಗೆ ಮಾತ್ರ ಪಿಕಪ್ಪೇ ಸರಿ.

ಸ್ಟೇಜ್‌ಗೆ ಹೋಗುವ ದಿನ. ಗಿಟಾರ್‌ನ ಮಾಮೂಲಿ ಜ್ಯಾಕ್‌ನಿಂದ ಜಿಕೆ-3ಕ್ಕೆ ಒಂದು ಚಿಕ್ಕ ವೈರ್ ಹಾಕುವುದು ಮರೆಯಬೇಡಿ, ಅದಿದ್ದರೆ ಗಿಟಾರ್‌ನ ಸ್ವಂತ ಶಬ್ದವೂ 13 ಪಿನ್ ಒಳಗೇ ಹೋಗುತ್ತದೆ. ಪಿಕಪ್ ಮೇಲಿನ ಸ್ವಿಚ್‌ನಲ್ಲಿ ಗಿಟಾರ್, ಸಿಂತ್, ಎರಡೂ ಎಂದು ಮೂರು ಜಾಗ ಇದೆ, ರಿದಂ ಹೊಡೆಯುವಾಗ ಗಿಟಾರ್‌ಗೆ, ಬಿಟ್ ಬಂದಾಗ ಸಿಂತ್‌ಗೆ. ಕೇಬಲ್ ಚುಚ್ಚುವಾಗ, ಕೀಳುವಾಗ ಪೆಟ್ಟಿಗೆ ಆಫ್ ಇರಲಿ, ಪಿಕಪ್‌ಗೆ ಕರೆಂಟ್ ಹೋಗುವುದೂ ಆ ಕೇಬಲ್‌ನಲ್ಲೇ. ಸೌಂಡ್‌ನವರಿಗೆ ಮೊದಲೇ ಹೇಳಿ ಮಿಕ್ಸರ್‌ನಲ್ಲಿ ಆದಷ್ಟೂ ಎರಡು ಚಾನೆಲ್ ಕೇಳಿ ಇಸ್ಕೊಳ್ಳಿ, ಗಿಟಾರ್ ಒಂದು, ಸಿಂತ್ ಒಂದು. ಸಿಂತ್ ಶಬ್ದವನ್ನು ಗಿಟಾರ್ ಆಂಪ್‌ಗೆ ಕೊಡಬೇಡಿ, ಅಲ್ಲಿ ಕೊಳಲು ಡಬ್ಬದೊಳಗೆ ಕೂತಂತೆ ಕೇಳುತ್ತದೆ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಲ್ಯಾಪ್‌ಟಾಪ್ ಚಾರ್ಜರ್‌ನಿಂದ ಗುಂಯ್ ಎಂದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನುಡಿಸಿ.

13 ಪಿನ್ ಕೇಬಲ್ ಎರಡು ಇಟ್ಟುಕೊಳ್ಳಿ. ಸುತ್ತಿಡುವಾಗ ಪ್ಲಗ್‌ನ ಬುಡದಲ್ಲಿ ಮಡಚಬೇಡಿ, ದೊಡ್ಡ ಸುತ್ತು ಸುತ್ತಿ. ನುಡಿಸುವಾಗ ಅದನ್ನು ಗಿಟಾರ್ ಬೆಲ್ಟ್ ಒಳಗಿಂದ ಒಂದು ಸುತ್ತು ತೂರಿಸಿ. ಹಾಡಿನ ಮಧ್ಯೆ ಸ್ಟೇಜ್ ಮೇಲೆ ಹಾರ ಹಾಕಲು ಬಂದವರು ವೈರ್ ತುಳಿದೇ ತುಳಿಯುತ್ತಾರೆ.