ಲೋಯೆ ಅನ್ನೋ ಸದಸ್ಯ

ಪಿಎಚ್‌ಡಿ ಮಾಡಲು ನ್ಯೂಯಾರ್ಕ್‌ಗೆ ಬಂದಾಗ ನನಗೆ ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ಒಂದಕ್ಷರವೂ ಬರುತ್ತಿರಲಿಲ್ಲ. ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಇಲ್ಲಿ ಊರಿಗೊಂದರಂತೆ ಸಂಘ ಕಟ್ಟಿಕೊಂಡಿದ್ದರು. ಲಾಂಡ್ಸ್‌ಮನ್‌ಶಾಫ್ಟ್ ಅಂತ ಹೆಸರು. ಕಾಯಿಲೆ ಬಿದ್ದರೆ ಒಂದಿಷ್ಟು ದುಡ್ಡು, ಸತ್ತರೆ ಸ್ಮಶಾನದಲ್ಲಿ ಜಾಗ. ಈ ಸಂಘಗಳ ಮೇಲೆ ಕೆಲಸ ಮಾಡಬೇಕು ಅಂದರೆ ಯಿಡ್ಡಿಷ್‌ನಲ್ಲಿರುವ ಅವರ ನಡಾವಳಿ ಪುಸ್ತಕ ಓದಲೇಬೇಕು. ಅಂಥ ಎಷ್ಟೋ ಪುಸ್ತಕಗಳು ಯಿವೋ ಅನ್ನೋ ಯಹೂದಿ ಸಂಶೋಧನಾ ಸಂಸ್ಥೆಯಲ್ಲಿವೆ. 1925ರಲ್ಲಿ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಹುಟ್ಟಿ, 1940ರಲ್ಲಿ ನ್ಯೂಯಾರ್ಕ್‌ಗೆ ನೆಲೆ ಬದಲಿಸಿದ ಸಂಸ್ಥೆ ಅದು.

ಬೇಸಿಗೆ ತರಗತಿಗೆ ಸೇರಿದೆ. ಹೀಬ್ರೂ ಲಿಪಿ, ಬಲದಿಂದ ಎಡಕ್ಕೆ. ಆದರೆ ಯಿಡ್ಡಿಷ್‌ನಲ್ಲಿ ಸ್ವರಗಳನ್ನೂ ಬರೆಯುತ್ತಾರೆ, ಹೆಚ್ಚು ಕಡಿಮೆ ಬರೆದ ಹಾಗೇ ಓದಬಹುದು. ಕನ್ನಡದವಳಿಗೆ ಇನ್ನೇನು ಬೇಕು, ಅಲ್ವಾ? ಆರು ವಾರದಲ್ಲಿ ಪೇಪರ್ ಓದತೊಡಗಿದೆ. ಜಂಬವೂ ಬಂತು.

ಕೈಬರಹದ ಪುಸ್ತಕ ಮುಂದಿಟ್ಟುಕೊಂಡ ಮೇಲೆ ಜಂಬ ಇಳಿಯಿತು. ಅಲ್ಲಿ ಲಾಮೆಡ್, ವೋವ್, ಯುದ್, ಹೇ ಅಂತ ನಾಲ್ಕಕ್ಷರದ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. ವೋವ್, ಯುದ್ ಒಟ್ಟಿಗೆ ಬಂದರೆ 'ಓಯ್'. ಹಾಗಾಗಿ 'ಲೋಯೆ' ಅಂತ ಓದಿದೆ. ಯಾರೋ ಸದಸ್ಯ ಇರಬೇಕು ಅಂದುಕೊಂಡೆ. ಪಾಪ, ಸಂಘ ಅವನಿಗೆ ಪದೇ ಪದೇ ದುಡ್ಡು ಕೊಡುತ್ತಿದೆ! ಮೂರು ವಾರ ಅವನ ಲೆಕ್ಕ ಬರೆದಿಟ್ಟೆ.

ಕೊನೆಗೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪುಟ ನೋಡಿ ನಕ್ಕರು. ಅದು 'ಲೆವಾಯೆ'. ಅಂದರೆ ಮಣ್ಣು ಮಾಡೋದು. ಹೀಬ್ರೂ ಮೂಲದ ಪದಗಳನ್ನು ಯಿಡ್ಡಿಷ್‌ನಲ್ಲೂ ಹೀಬ್ರೂ ಕಾಗುಣಿತದಲ್ಲೇ ಬರೆಯುತ್ತಾರೆ, ಸ್ವರ ನಾವೇ ತುಂಬಿಕೊಳ್ಳಬೇಕು. ತರಗತಿಯಲ್ಲಿ ಹೇಳಿಯೇ ಇದ್ದರು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಸೋವಿಯತ್ ಸರ್ಕಾರದ ಕಾಲದಲ್ಲಿ ಮಾತ್ರ ಅಲ್ಲಿಯವರು ಇಂಥ ಪದಗಳನ್ನೂ ಉಚ್ಚಾರಣೆಯಂತೆ ಬರೆದರು. ಹಾಗಾಗಿ ಪುಸ್ತಕದಲ್ಲಿ 'ಎಮೆಸ್' (ಸತ್ಯ) ಅನ್ನೋ ಹೀಬ್ರೂ ಮೂಲದ ಪದದ ಕಾಗುಣಿತ ನೋಡಿದರೇ ಸಾಕು, ಅದು ಸೋವಿಯತ್ ಅಚ್ಚೋ ಅಲ್ಲವೋ ಎಷ್ಟೋ ಸಲ ಗೊತ್ತಾಗುತ್ತದೆ.

ಆಮೇಲೆ ಒಂದು ವರ್ಷ ಹೀಬ್ರೂ ಕಲಿತೆ, ಪೋಲಿಷ್ ಕೂಡ. ಈ ಕ್ಷೇತ್ರಕ್ಕೆ ಬರುವವರಿಗೆ ನಾನು ಹೇಳೋದು ಇಷ್ಟೇ: ಬರೀ ಯಿಡ್ಡಿಷ್ ನಂಬಿಕೊಂಡು ಬರಬೇಡಿ. ಯಿಡ್ಡಿಷ್‌ಗೇ ಅಂತ ಮೇಷ್ಟ್ರ ಕೆಲಸ ತೀರಾ ಕಮ್ಮಿ. ನಾನೂ ಇತಿಹಾಸ ವಿಭಾಗದಲ್ಲೇ ಇರೋದು, ಭಾಷೆಯ ತರಗತಿ ಸಂಜೆ ಹೊತ್ತು.

ಅಂದ ಹಾಗೆ, ಲೋಯೆಯ ಲೆಕ್ಕ ದಂಡವಾಗಲಿಲ್ಲ. ಯಾವ ತಿಂಗಳು ಎಷ್ಟು ಸಾವು, ಸಂಘ ಎಷ್ಟು ಡಾಲರ್ ಕೊಟ್ಟಿತು, ಎಲ್ಲ ಅದರಲ್ಲೇ ಇತ್ತು. ನನ್ನ ಪ್ರಬಂಧದ ಮೂರನೇ ಅಧ್ಯಾಯ ಅದೇ.