ಎದುರು ಪಾರ್ಟಿಯವರೂ ನಗುವ ಹಾಗೆ ಕಾಲೆಳೆಯುವುದು ಹೇಗೆ

2019ರ ಲೋಕಸಭಾ ಚುನಾವಣೆ ಹೊತ್ತಿಗೆ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಅನ್ನುವ ಸಾಲು ಮಂಡ್ಯದ ಗಡಿ ದಾಟಿ ಹಾಸ್ಟೆಲು, ಆಫೀಸು, ಮದುವೆ ಮನೆಗಳ ಗ್ರೂಪುಗಳಿಗೆಲ್ಲ ನುಗ್ಗಿತು. ಸಿನಿಮಾ ಸಮಾರಂಭವೊಂದರಲ್ಲಿ ಜೆಡಿಎಸ್‌ನ ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕರೆದ ಹಳೇ ತುಣುಕು ಅದು; ಆ ಚುನಾವಣೆಯಲ್ಲಿ ಮಗ ಮಂಡ್ಯದ ಅಭ್ಯರ್ಥಿ. ಅದರಲ್ಲಿ ಬೈಗುಳವಿಲ್ಲ, ಆರೋಪವಿಲ್ಲ. ಕಳೆದುಹೋದ ಚಪ್ಪಲಿಗೂ ಕೂಗಬಹುದು, ಸಂಬಳಕ್ಕೂ ಕೂಗಬಹುದು. ಹೆಸರಿನ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಕೂರಿಸಿಕೊಳ್ಳಬಹುದಾಗಿದ್ದರಿಂದಲೇ ಜೆಡಿಎಸ್‌ನವರೂ ಅದನ್ನು ಬಳಸಿದರು. ಅದೇ ವರ್ಷದ ಉಪಚುನಾವಣೆಯಲ್ಲಿ ಸಿದ್ದರಾಮಯ್ಯನವರ ಭಾಷಣದ ನಡುವೆ ಸಭಿಕರೊಬ್ಬರು ಕೂಗಿದ ‘ಹೌದು ಹುಲಿಯಾ’ಕ್ಕೂ ಇದೇ ಗುಣ. ಹೊಗಳಿಕೆಗೂ ಆದೀತು, ಗೇಲಿಗೂ ಆದೀತು.

ಟ್ರೋಲ್ ಮಾಡಲು ಕೂತಾಗ ಮೊದಲು ನೋಡಬೇಕಾದ್ದು ಇದನ್ನೇ: ನಿಮ್ಮ ಜೋಕಿನಲ್ಲಿ ಬೇರೆಯವರು ಬಂದು ಕೂರಲು ಒಂದು ಖಾಲಿ ಜಾಗ ಇದೆಯಾ? ಇಲ್ಲದಿದ್ದರೆ ಅದು ಘೋಷಣೆ. ಘೋಷಣೆ ತಪ್ಪಲ್ಲ, ಆದರೆ ಅದಕ್ಕೆ ನಿಮ್ಮವರು ಮಾತ್ರ ಹೆಬ್ಬೆರಳು ಒತ್ತುತ್ತಾರೆ.

ವಿಷಯ ಹಿಡಿಯುವುದು

ಕಣ್ಣಿಗೆ ಕಾಣುವ, ತಾರೀಕು ಹಚ್ಚಬಹುದಾದ ಒಂದೇ ಒಂದು ಸಂಗತಿ ತೆಗೆದುಕೊಳ್ಳಿ. ‘ಭ್ರಷ್ಟಾಚಾರ’ ಬೇಡ, ‘ಮುಗಿಯದ ಚರಂಡಿ’ ಇರಲಿ. ಭಾಷಣದ ತುಣುಕಾದರೆ ಅದರ ಹಿಂದಿನ ಮುಂದಿನ ಅರ್ಧ ನಿಮಿಷ ಕೇಳಲೇಬೇಕು. ಕತ್ತರಿಸಿದ ತುಣುಕಿನಲ್ಲಿ ‘ಅಂತ ಅವರು ಹೇಳ್ತಾರೆ’ ಅನ್ನುವ ಬಾಲವೇ ಹಾರಿಹೋಗಿರುತ್ತದೆ. ಫೋಟೊ ಆದರೆ ಗೂಗಲ್ ಲೆನ್ಸಿನಲ್ಲಿ ಹಾಕಿ, ಬೇರೆ ಊರಿನದೋ ಹಳೇ ವರ್ಷದ್ದೋ ನೋಡಿಕೊಳ್ಳಿ. ಸಂಗತಿ ಸುಳ್ಳು ಅಂತ ಎದುರಿನವರು ಒಮ್ಮೆ ತೋರಿಸಿಬಿಟ್ಟರೆ ಮುಂದಿನ ಹತ್ತು ನಿಜಕ್ಕೂ ಅದೇ ಸ್ಕ್ರೀನ್‌ಶಾಟ್ ಎದುರು ಬರುತ್ತದೆ.

ಗುಂಡಿಯ ಹುಟ್ಟುಹಬ್ಬ

ಒಂದು ಉದಾಹರಣೆ ಕಟ್ಟೋಣ. ವಾರ್ಡಿನ ರಸ್ತೆಯಲ್ಲಿ ವರ್ಷದಿಂದ ಒಂದು ಗುಂಡಿ ಬಾಯಿಬಿಟ್ಟಿದೆ. ಮೊದಲು ಕೈಗೆ ಬರುವ ಸಾಲು ಹೀಗಿರುತ್ತದೆ: ‘ರಸ್ತೆ ದುಡ್ಡು ನುಂಗಿ ನೀರು ಕುಡಿದ ನಾಲಾಯಕ್ ಶಾಸಕ!’ ಇದರಲ್ಲಿ ನಗುವೂ ಇಲ್ಲ, ಪುರಾವೆಯೂ ಇಲ್ಲ. ನುಂಗಿದ್ದನ್ನು ನೋಡಿದವರು ಯಾರು? ಅಳಿಸಿ.

ಈಗ ಎಲ್ಲರಿಗೂ ಗೊತ್ತಿರುವ ಒಂದು ಚೌಕಟ್ಟು ಸಾಲ ತನ್ನಿ. ನಮ್ಮಲ್ಲಿ ಅದಕ್ಕೇನೂ ಬರವಿಲ್ಲ: ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಬಸ್ಸಿನ ಬೋರ್ಡು, ಬಡ್ಡಿ ಲೆಕ್ಕದ ಚೀಟಿ, ಎಲ್ಲಕ್ಕಿಂತ ಮಿಗಿಲಾಗಿ ಸರ್ಕಲ್ಲಿನ ಫ್ಲೆಕ್ಸು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳಿಗೆ ಕಾಂಗ್ರೆಸ್ ಅಂಟಿಸಿದ ‘ಪೇಸಿಎಂ’ ಪೋಸ್ಟರು ಮಾಡಿದ್ದು ಇದನ್ನೇ. ಟೀ ಅಂಗಡಿಯ ಕ್ಯೂಆರ್ ಬೋರ್ಡಿನ ನಡುವೆ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖ ಇಟ್ಟಿದ್ದರು. ಗುತ್ತಿಗೆ ಕೆಲಸಗಳಲ್ಲಿ ಶೇ. 40 ಕಮಿಷನ್ ಕೇಳುತ್ತಾರೆ ಅನ್ನುವ ಆರೋಪವನ್ನು ಬಿಡಿಸಿ ಹೇಳುವ ಕೆಲಸವೇ ಉಳಿಯಲಿಲ್ಲ.

ನಮ್ಮ ಗುಂಡಿಗೆ ಫ್ಲೆಕ್ಸ್ ಹೀಗೆ:

ಮೇಲೆ, ದಪ್ಪಕ್ಷರದಲ್ಲಿ: ‘ಪ್ರಥಮ ವರ್ಷದ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’
ನಡುವೆ: ಗುಂಡಿಯ ಅಸಲಿ ಫೋಟೊ, ಸುತ್ತ ಹೂವಿನ ಹಾರ
ಕೆಳಗೆ: ‘ಶುಭ ಕೋರುವವರು: ವಾರ್ಡಿನ ಸಮಸ್ತ ಪಂಚರ್ ಅಂಗಡಿಗಳು’
ಅದರ ಪಕ್ಕ: ಎರಡು ಖಾಲಿ ವೃತ್ತ

ಆ ಖಾಲಿ ವೃತ್ತಗಳೇ ಜೀವಾಳ. ಗ್ರೂಪಿನಲ್ಲಿ ಒಬ್ಬರು ಮೂಳೆ ಡಾಕ್ಟರನ್ನು ಸೇರಿಸುತ್ತಾರೆ, ಇನ್ನೊಬ್ಬರು ಸೊಳ್ಳೆಬತ್ತಿ ಕಂಪನಿಯನ್ನು. ಆಡಳಿತ ಪಕ್ಷದ ಕಟ್ಟಾ ಬೆಂಬಲಿಗರೊಬ್ಬರು ‘ಇದರ ಶಂಕುಸ್ಥಾಪನೆ ಆಗಿದ್ದು ನಿಮ್ಮವರ ಕಾಲದಲ್ಲೇ ಸ್ವಾಮಿ’ ಅಂತ ಅದೇ ಫ್ಲೆಕ್ಸಿಗೆ ಇನ್ನೊಂದು ಮುಖ ಅಂಟಿಸುತ್ತಾರೆ. ಆಗ ನೀವು ಮುನಿಸಿಕೊಂಡರೆ ಆಟ ಅಲ್ಲಿಗೆ ಮುಗಿಯಿತು. ನಕ್ಕು, ಅವರ ತಿದ್ದುಪಡಿಯನ್ನೂ ಹಂಚಿ. ಗುಂಡಿ ಇದೆ ಅನ್ನುವುದನ್ನು ಅವರೂ ಒಪ್ಪಿಕೊಂಡಾಯಿತಲ್ಲ, ನಿಮಗೆ ಬೇಕಿದ್ದದ್ದು ಅದೇ.

ಮಾತು ಯಾರದೋ ಅವರ ಊರಿನ ಹಾಗೇ ಇರಲಿ. ‘ಹೌದು ಹುಲಿಯಾ’ವನ್ನು ‘ಹೌದು ವ್ಯಾಘ್ರವೇ’ ಅಂತ ಬರೆದು ನೋಡಿ, ಗೊತ್ತಾಗುತ್ತದೆ. ಆದರೆ ಧಾರವಾಡದ್ದೋ ಮಂಗಳೂರಿನದೋ ಕನ್ನಡವನ್ನೇ ಜೋಕಿನ ಸರಕು ಮಾಡಿಕೊಂಡರೆ ಓದುಗರಲ್ಲಿ ಅರ್ಧದಷ್ಟು ಜನ ಆಗಲೇ ಎದ್ದುಹೋಗಿರುತ್ತಾರೆ.

ಅಕ್ಷರ ಒಡೆಯದಂತೆ

ಅಳತೆ 1080×1080 ಪಿಕ್ಸೆಲ್ ಸಾಕು. ಒಟ್ಟು 12 ಪದ ಮೀರದಿರಲಿ, ಅಕ್ಷರದ ಎತ್ತರ 55 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಅದಕ್ಕೂ ಸಣ್ಣದಾದರೆ ಫಾರ್ವರ್ಡ್ ಆಗಿ ಆಗಿ ಮಸುಕಾಗಿ, ಕೊನೆಗೆ ಒತ್ತಕ್ಷರ ಬರೀ ಚುಕ್ಕಿಯ ಹಾಗೆ ಕಾಣುತ್ತದೆ. ಫಾಂಟು ಯೂನಿಕೋಡಿನದೇ ಆಗಲಿ. ನೋಟೊ ಸಾನ್ಸ್ ಕನ್ನಡ, ಫ್ಲೆಕ್ಸಿನ ಮೋಜಿಗೆ ಬಾಲೂ ತಮ್ಮ. ಹಳೇ ನುಡಿ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ, ಮೊದಲು ಕನ್ವರ್ಟರಿನಲ್ಲಿ ಹಾಯಿಸಬೇಕು.

ಪರೀಕ್ಷೆಗೆ ‘ರಾಷ್ಟ್ರೀಯ’ ಅಂತ ಬರೆದು ನೋಡಿ. ಒತ್ತುಗಳು ಕೆಳಗೆ ಕೂರದೆ ಪಕ್ಕಕ್ಕೆ ಸಾಲಾಗಿ ನಿಂತರೆ ತಪ್ಪು ಫಾಂಟಿನದಲ್ಲ, ಸಾಫ್ಟ್‌ವೇರಿನ ಸೆಟ್ಟಿಂಗಿನದು. ಫೋಟೊಶಾಪಿನಲ್ಲಿ ಪ್ರಿಫರೆನ್ಸಸ್, ಟೈಪ್ ಒಳಗೆ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ (ಹಳೇ ಆವೃತ್ತಿಗಳಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷಿಯನ್’), ಹೊಸ ಫೈಲಿನಲ್ಲಿ ಬರೆಯಿರಿ. ಗಿಂಪ್, ಇಂಕ್‌ಸ್ಕೇಪುಗಳಲ್ಲಿ ಈ ತಕರಾರಿಲ್ಲ. ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ 1.4 ಪಟ್ಟು ಇಡಿ. ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಟಿವಿ ಚಾನೆಲ್ಲಿನ ಬ್ರೇಕಿಂಗ್ ನ್ಯೂಸ್ ರೂಪದ ಜೋಕು ಮಾತ್ರ ಅಪಾಯದ್ದು. ಅಸಲಿ ಲೋಗೊ ಹಾಕಬೇಡಿ. ‘ತಮಾಷೆ’ ಅನ್ನುವ ಗುರುತು ಮೂಲೆಯಲ್ಲಿ ಇಟ್ಟರೆ ಯಾರೋ ಕತ್ತರಿಸಿ, ನಿಜ ಸುದ್ದಿ ಅಂತ ತಿರುಗಿಸುತ್ತಾರೆ. ಪಠ್ಯದ ನಡುವೆಯೇ ಇರಲಿ. ಇನ್ನೂ ಮೇಲು ಅಂದರೆ, ಯಾರೂ ನಂಬಲಾಗದ ಸಂಗತಿಯನ್ನೇ ಬರೆಯುವುದು. ‘ಗುಂಡಿಗೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್’ ಅಂದರೆ ಗುರುತೇ ಬೇಡ. ಬೇಡವೇನು, ನಮ್ಮೂರುಗಳಲ್ಲಿ ಅದನ್ನೂ ನಂಬುವವರಿದ್ದಾರೆ, ಹಾಕಿಬಿಡಿ.

ಎಲ್ಲಿ ನಿಲ್ಲಿಸಬೇಕು

ಜಾತಿ, ಮೈಬಣ್ಣ, ಹೆಂಡತಿ ಮಕ್ಕಳು, ಕಾಯಿಲೆ: ಇವು ಬೇಡ. ಇದು ಬರೀ ಸಭ್ಯತೆಯ ಮಾತಲ್ಲ. ಜಾತಿಯ ಸುಳಿವು ಒಂದೇ ಒಂದು ಬಂದರೂ ಮೂರನೇ ಮೆಸೇಜಿಗೆ ಚರಂಡಿ ಮರೆತುಹೋಗಿರುತ್ತದೆ. ಶಾಸಕರಿಗೆ ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಕಾರ್ಯಕ್ರಮದಲ್ಲಿ ಹಿಂದೆ ನಿಂತ ಸಾಮಾನ್ಯರ ಮುಖವನ್ನು ಮಸುಕು ಮಾಡಿ. ಅವರು ಚುನಾವಣೆಗೆ ನಿಂತವರಲ್ಲ.

ಕಾನೂನಿನ ವಿಚಾರ. ಸುಪ್ರೀಂ ಕೋರ್ಟ್ 2015ರಲ್ಲಿ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದೆ, ‘ಕಿರಿಕಿರಿ ಆಯಿತು’ ಅನ್ನುವುದಷ್ಟೇ ಈಗ ಅಪರಾಧವಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿಗೆ 356, ಗುಂಪುಗಳ ನಡುವೆ ದ್ವೇಷ ಬಿತ್ತುವುದಕ್ಕೆ 196 ಇವೆ. ಮೇಲಿನ ‘ನುಂಗಿದ ಶಾಸಕ’ ಸಾಲು 356ಕ್ಕೆ ತಾನಾಗಿ ಕೊರಳು ಕೊಡುತ್ತದೆ, ಹುಟ್ಟುಹಬ್ಬದ ಫ್ಲೆಕ್ಸು ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಸುಮ್ಮನಿರುವುದು ಒಳ್ಳೆಯದು.

ಗ್ರೂಪು ಕಾಯುವವರಿಗೆ

ಎಲ್ಲ ಪಾರ್ಟಿಯವರೂ ಇರುವ ಪಿಯುಸಿ ಬ್ಯಾಚಿನದೋ ಅಪಾರ್ಟ್‌ಮೆಂಟಿನದೋ ಗ್ರೂಪಿಗೆ ಕನಿಷ್ಠ ಎರಡು ಬೇರೆ ಪಾರ್ಟಿಯ ಅಡ್ಮಿನ್ನುಗಳು ಬೇಕು. ತಪ್ಪಿದ ಪೋಸ್ಟನ್ನು ಅಳಿಸುವ ಕೆಲಸ ಹಾಕಿದವರ ಪಾರ್ಟಿಯ ಅಡ್ಮಿನ್ನೇ ಮಾಡಲಿ, ‘ನಮ್ಮವರ ಬಾಯಿ ಮುಚ್ಚಿಸಿದರು’ ಅನ್ನುವ ದೂರು ಹುಟ್ಟುವುದಿಲ್ಲ. ಎಚ್ಚರಿಕೆ ಖಾಸಗಿ ಮೆಸೇಜಿನಲ್ಲೇ ಹೋಗಲಿ. ಎಲ್ಲರೆದುರು ಹೇಳಿದರೆ ಸೋತವರಂತೆ ಆಗಬಾರದೆಂದು ಅವರು ಇನ್ನೆರಡು ಹಾಕುತ್ತಾರೆ. ಜಗಳ ಕೈಮೀರಿದರೆ ‘ಅಡ್ಮಿನ್ನುಗಳು ಮಾತ್ರ’ ಸೆಟ್ಟಿಂಗ್ ರಾತ್ರಿಯಿಂದ ಬೆಳಗಿನ ಕಾಫಿವರೆಗೆ ಸಾಕು. ವಾರಗಟ್ಟಲೆ ಬೀಗ ಹಾಕಿದರೆ ಇನ್ನೊಂದು ಗ್ರೂಪು ಹುಟ್ಟಿಕೊಳ್ಳುತ್ತದೆ, ಅದರಲ್ಲಿ ಒಂದೇ ಪಾರ್ಟಿಯವರು.

ಗುಂಡಿ ಮುಚ್ಚಿದ ದಿನ ಅದೇ ಗ್ರೂಪಿಗೆ ವೈಕುಂಠ ಸಮಾರಾಧನೆಯ ಕಾರ್ಡು ಹಾಕಿ, ಕೆಲಸ ಮಾಡಿಸಿದವರು ಎದುರು ಪಾರ್ಟಿಯವರಾದರೂ ಅವರ ಹೆಸರು ಸರಿಯಾಗಿ ಬರೆಯಿರಿ. ಫ್ಲೆಕ್ಸಿನ ಮೂಲ ಫೈಲು ಮಾತ್ರ ಅಳಿಸಬೇಡಿ. ಜೂನ್‌ಗೆ ಮಳೆ ಶುರುವಾಗುತ್ತದೆ.