ನನಗಾಗಿ ಖರ್ಚು ಮಾಡುವಾಗಿನ ಕಸಿವಿಸಿ

ಹಲ್ಲು ಜುಂ ಎನ್ನುತ್ತಿದ್ದರೂ ವೈದ್ಯರ ಬಳಿ ಹೋಗುವುದನ್ನು ಮುಂದೂಡುವುದು, ದಿಂಬು ಚಪ್ಪಟೆಯಾಗಿ ಕುತ್ತಿಗೆ ಹಿಡಿದುಕೊಂಡರೂ ಹೊಸದನ್ನು ಕೊಳ್ಳದಿರುವುದು. ಕೈಯಲ್ಲಿ ದುಡ್ಡಿದ್ದಾಗಲೂ ನನಗೆ ಹೀಗಾಗುತ್ತಿತ್ತು. ಜಿಪುಣತನ ಎಂದು ಬೈದುಕೊಂಡರೆ ಏನೂ ತಿಳಿಯುವುದಿಲ್ಲ ಅನ್ನಿಸಿ, ಒಂದು ಸಣ್ಣ ಪುಸ್ತಕದಲ್ಲಿ ಬರೆಯತೊಡಗಿದೆ.

ಮೊತ್ತ ಬರೆಯುತ್ತಲೇ ಇರಲಿಲ್ಲ. ಯಾವುದಕ್ಕೆ ಖರ್ಚು, ಆ ಹೊತ್ತಿಗೆ ಮೈಗೆ ಏನಾಯಿತು, ಮನಸ್ಸು ಏನಂದಿತು, ಇಷ್ಟೇ. ‘ಹಲ್ಲಿನ ತಪಾಸಣೆ: ಭುಜ ಬಿಗಿಯಾಯಿತು, ಇನ್ನೂ ತಡೆದುಕೊಳ್ಳಬಹುದಲ್ಲ.’ ‘ದಿಂಬು: ಹೊಟ್ಟೆಯಲ್ಲಿ ಸಂಕಟ; ಹಳೆಯದು ಹರಿದಿಲ್ಲವಲ್ಲ.’ ‘ಗೆಳತಿಗೆ ಉಡುಗೊರೆ: ಏನೂ ಆಗಲಿಲ್ಲ.’ ಉಡುಗೊರೆಗೆ ಆದ ಖರ್ಚು ದಿಂಬಿಗಿಂತ ಎಷ್ಟೋ ಹೆಚ್ಚು! ನನ್ನನ್ನು ಕಾಡುತ್ತಿದ್ದುದು ಖರ್ಚು ಎಷ್ಟು ಎಂಬುದಕ್ಕಿಂತ ಯಾರಿಗಾಗಿ ಎಂಬುದು ಎಂದು ಆ ಪುಟದಲ್ಲೇ ಗೊತ್ತಾಯಿತು. ದಣಿದಾಗ, ನಿದ್ದೆಗೆಟ್ಟಾಗ ಅದು ಇನ್ನೂ ಜೋರು.

ಹಣ ಕೊಡುವ ಕ್ಷಣಕ್ಕೆ ಅದರದ್ದೇ ಆದ ನೋವಿದೆ ಎಂದು ಸಂಶೋಧಕರಾದ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ 1998ರಲ್ಲಿ ವಿವರಿಸಿದ್ದರು. ಮೊದಲೇ ಕಟ್ಟಿಬಿಟ್ಟರೆ, ಆಮೇಲೆ ಅನುಭವಿಸುವಾಗ ಆ ನೋವು ಅಷ್ಟಾಗಿ ಕಾಡುವುದಿಲ್ಲ ಎಂಬುದೂ ಅವರ ವಾದ. ನಾನು ಇದನ್ನೇ ಹಿಡಿದುಕೊಂಡೆ. ಸಂಬಳ ಬಂದ ದಿನವೇ ಒಂದು ಸಣ್ಣ ಭಾಗ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಮಾಡಿದೆ. ಅದು ನನ್ನ ಮೈಮನಸ್ಸಿನ ಆರೈಕೆಗೆ ಮಾತ್ರ. ಖರ್ಚು ಮಾಡಬೇಕೋ ಬೇಡವೋ ಅನ್ನುವ ತೀರ್ಮಾನ ಅಲ್ಲೇ ಮುಗಿಯುತ್ತದೆ. ಪ್ರತಿಸಲ ಕೌಂಟರ್ ಮುಂದೆ ನಿಂತು ನನ್ನ ಜೊತೆ ನಾನೇ ವಾದ ಮಾಡಬೇಕಾಗಿಲ್ಲ.

ಇನ್ನು ಬ್ಯಾಂಕ್ ಆ್ಯಪ್. ಷೇರುಪೇಟೆ ಕುಸಿದಾಗ ಹೂಡಿಕೆದಾರರು ತಮ್ಮ ಖಾತೆ ತೆರೆದು ನೋಡುವುದೇ ಕಡಿಮೆ ಎಂದು 2009ರ ಒಂದು ಅಧ್ಯಯನ ತೋರಿಸಿತ್ತು. ನೋಡದಿದ್ದರೆ ಆ ಗಳಿಗೆಗೆ ಹಾಯೆನಿಸುತ್ತದೆ, ನಿಜ. ಆದರೆ ಒಳಗೊಳಗೇ ಕೊರೆಯುವುದು ನಿಲ್ಲುವುದಿಲ್ಲ. ರಾತ್ರಿ ಮಲಗುವ ಮುಂಚೆ ನೋಡುವುದನ್ನು ಪೂರ್ತಿ ಬಿಟ್ಟೆ. ವಾರಕ್ಕೊಂದು ಬೆಳಿಗ್ಗೆ, ತಿಂಡಿ ಆದ ಮೇಲೆ, ಪಾದ ನೆಲಕ್ಕೂರಿ ಕೂತು, ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟು ತೆರೆಯುತ್ತೇನೆ. ಉಳಿದ ಮೊತ್ತವನ್ನು ಬಾಯಿಬಿಟ್ಟು ಓದುತ್ತೇನೆ. ಆ ವಾರ ಕಟ್ಟಬೇಕಾದ್ದನ್ನು ಬರೆದು ಮುಚ್ಚಿಬಿಡುತ್ತೇನೆ. ಸ್ನಾನ, ನಿದ್ದೆಯಂತೆ ಇದನ್ನೂ ಆರೈಕೆಯ ಲೆಕ್ಕಕ್ಕೇ ಸೇರಿಸಿದ್ದೇನೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಬಾಡಿಗೆಗೋ ಸಾಲದ ಕಂತಿಗೋ ದುಡ್ಡು ಸಾಲದಿದ್ದಾಗ ಹುಟ್ಟುವ ಭಯ ಬೇರೆ. ಅದು ನಿಜವಾದ ಎಚ್ಚರಿಕೆ. ಉಸಿರಾಟದಿಂದ ಅದನ್ನು ಸುಮ್ಮನಾಗಿಸಲು ಹೋಗಬಾರದು. ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಯ್ಲಿನ ನಂತರಕ್ಕಿಂತ ಕೊಯ್ಲಿಗೆ ಮೊದಲು, ಕೈ ಬರಿದಾಗಿದ್ದಾಗ, ಅದೇ ರೈತರು ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಬುದ್ಧಿ ಅದೇ, ಕೊರತೆಯ ಚಿಂತೆ ಅದನ್ನು ಆವರಿಸಿಕೊಂಡಿತ್ತು. ಅದಕ್ಕೇ ಇಕ್ಕಟ್ಟಿನ ತಿಂಗಳಲ್ಲಿ ಸಾಲದ ತೀರ್ಮಾನವನ್ನು ನಾನೊಬ್ಬಳೇ ಮಾಡುವುದಿಲ್ಲ. ನಂಬಿಕೆಯವರ ಮುಂದೆ ಲೆಕ್ಕ ಹರಡಿ ಕೇಳುತ್ತೇನೆ. ಅಂಥ ತಿಂಗಳು ಆರೈಕೆಯ ಖಾತೆಗೆ ಹೋಗುವ ಭಾಗವನ್ನು ಇಳಿಸುತ್ತೇನೆ, ಪೂರ್ತಿ ನಿಲ್ಲಿಸುವುದಿಲ್ಲ. ನಡಿಗೆ, ಹೊತ್ತಿಗೆ ಸರಿಯಾಗಿ ಮಲಗುವುದು ಹೇಗೂ ಇದ್ದೇ ಇವೆ.

ಹಲ್ಲಿನ ತಪಾಸಣೆ ಈಗ ತಪ್ಪುವುದಿಲ್ಲ. ಕನ್ನಡಕ ಬದಲಿಸುವಾಗ ಭುಜ ಇನ್ನೂ ಬಿಗಿಯಾಗುತ್ತದೆ. ಅದನ್ನೂ ಪುಸ್ತಕದಲ್ಲಿ ಬರೆದು, ದುಡ್ಡು ಕಟ್ಟುತ್ತೇನೆ.